ಡಿಸ್ಕಿಗೆ ಇಟ್ಟ ಬೊಟ್ಟು

ಹಾರ್ಡ್ ಡಿಸ್ಕ್ ಕೊಳ್ಳಲು ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: “ಇದರಾಗ ಎಷ್ಟು ಹಿಡಸ್ತದರಿ?” ಜೋಳ ತುಂಬುವ ಕಣಜ ಕೊಳ್ಳಲು ಬಂದವರ ಹಾಗೆ. ಮೂವತ್ತು ವರ್ಷ ಪುಣೆಯ ಒಂದು ಹಳೆಯ ವಾಡೆಯ ಮೊದಲ ಮಹಡಿಯಲ್ಲಿ ಕೂತು ಮನೆ ಕಂಪ್ಯೂಟರುಗಳಿಗೆ ಡಿಸ್ಕ್ ಆರಿಸಿ ಕೊಟ್ಟವಳು ನಾನು. ಕೆಟ್ಟಾಗ ಅದೇ ಡಿಸ್ಕನ್ನು ಮತ್ತೆ ಕೈಗೆ ತೆಗೆದುಕೊಂಡವಳೂ ನಾನೇ. ಹಾಗಾಗಿ ನಾನು ಮರುಪ್ರಶ್ನೆ ಹಾಕುತ್ತಿದ್ದೆ: “ಇದರಾಗ ಏನು ಇಡಾವ್ರಿದ್ದೀರಿ? ಅದು ಹೋತಂದ್ರ ಮನ್ಯಾಗ ಯಾರು ಅಳ್ತಾರ?” ಕೆಲವರು ನಕ್ಕರು. ಕೆಲವರು ಈ ಹೆಂಗಸಿಗೆ ತಲೆ ಸರಿಯಿಲ್ಲವೆಂದು ಪಕ್ಕದ ಅಂಗಡಿಗೆ ಹೋದರು. ಹೋದವರಲ್ಲಿ ಅರ್ಧ ಜನ ವರ್ಷ ತುಂಬುವುದರೊಳಗೆ ಸತ್ತ ಡಿಸ್ಕ್ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು ಎಂದು ಹೇಳಲು ನನಗೆ ಈಗಲೂ ಸ್ವಲ್ಪ ಸಂತೋಷವಾಗುತ್ತದೆ.

ಈಗ ಈ ಕೆಲಸಕ್ಕೆ ಸೇರುವವರು ನನ್ನನ್ನು ಹುಡುಕಿಕೊಂಡು ಬಂದು ಗುಟ್ಟು ಕೇಳುತ್ತಾರೆ. ಪಗಾರ ಹೇಗೆ ಏರಿತು, ನನ್ನನ್ನು ಯಾವಾಗ ಮುಖ್ಯಸ್ಥೆ ಮಾಡಿದರು ಎಂಬುದೆಲ್ಲ ಅವರಿಗೂ ಬೇಡ, ನನಗೂ ಬೇಡ. ನಾನು ಬರೆಯಬೇಕಾದದ್ದು ನನ್ನ ಒಂದು ತಪ್ಪನ್ನು. ನನ್ನ ಅತಿ ಜಾಣತನದಿಂದ ಸಂಗಣ್ಣ ಎಂಬವರ ತೀರಿಹೋದ ಹೆಂಡತಿಯ ದನಿ ಇನ್ನೇನು ಇಲ್ಲವಾಗುವುದರಲ್ಲಿತ್ತು. ಆ ದನಿ ಈ ಜಗತ್ತಿನಲ್ಲಿ ಉಳಿದಿದ್ದದ್ದು ನಾನೇ ಆರಿಸಿ ಕೊಟ್ಟ ಡಿಸ್ಕಿನಲ್ಲಿ. ಅಲ್ಲಿಗೆ ಬರುವ ಮುಂಚೆ ನಾಲ್ಕು ಮಾತು ಬೇರೆ ಹೇಳಬೇಕು. ಇಲ್ಲದಿದ್ದರೆ ಕೊನೆಗೆ ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಹೇಳಿದ ಮೇಲೂ ನಂಬಲೇಬೇಕೆಂದು ನನ್ನ ಹಟವಿಲ್ಲ.

ನಾನು ಸಿಂದಗಿ ಕಡೆಯವಳು. ವಿಜಯಪುರದಲ್ಲಿ ಐಟಿಐ ಮುಗಿಸಿ, ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಅಂಗಡಿಯ ಮಾಲೀಕರಾದ ದೇಶಮುಖ ಸಾಹೇಬರು ನನ್ನ ಸರ್ಟಿಫಿಕೇಟನ್ನು ತೆರೆದೂ ನೋಡಲಿಲ್ಲ. “ಕೈ ತೋರಿಸಿ” ಎಂದರು. ನನ್ನ ಬೆರಳು ಸಣ್ಣವು, ಕಂಪ್ಯೂಟರಿನ ಇಕ್ಕಟ್ಟಿನಲ್ಲಿ ತೂರುತ್ತವೆ ಎಂದು ಕೆಲಸ ಕೊಟ್ಟರು. ಮೊದಲ ದಿನ ಒಂದು ಕೆಟ್ಟ ಡಿಸ್ಕ್ ಮೇಜಿನ ಮೇಲಿಟ್ಟು ಏನಾಗಿದೆ ಹೇಳಿ ಎಂದರು. ನಾನು ಗಿಳಿಪಾಠ ಒಪ್ಪಿಸಿದೆ. ಸಾಹೇಬರು ಒಂದು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ನನ್ನ ಕಿವಿಯ ಹಿಂದಿನ ಎಲುಬಿಗೆ ಒತ್ತಿ, “ಆಧೀ ಐಕಾ, ಮಗ ಬೋಲಾ” ಎಂದರು. ಮೊದಲು ಕೇಳಿ, ಆಮೇಲೆ ಮಾತಾಡಿ. ಮರಾಠಿಯಲ್ಲಿ ನಾನು ಕಲಿತ ಮೊದಲ ಪೂರ್ತಿ ವಾಕ್ಯ ಅದು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಳೆಯ ಹಾರ್ಡ್ ಡಿಸ್ಕ್ ಎಂದರೆ ಅಂಗೈ ಅಗಲದ ಲೋಹದ ಪೆಟ್ಟಿಗೆ. ಒಳಗೆ ಕನ್ನಡಿಯಂಥ ತಟ್ಟೆಗಳು ಗಿರಗಿರ ತಿರುಗುತ್ತವೆ. ಅವುಗಳ ಮೇಲೆ ಒಂದು ಸಣ್ಣ ಮುಳ್ಳು, ತಟ್ಟೆಗೆ ತಾಗದೆ, ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತ ಓದುತ್ತದೆ, ಬರೆಯುತ್ತದೆ. ತಟ್ಟೆಗೆ ತಾಗಿತೋ, ಬರೆದದ್ದೆಲ್ಲ ಕೆರೆದುಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆರೋಗ್ಯವಾಗಿರುವ ಡಿಸ್ಕು ಎಲುಬಿನಲ್ಲಿ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತದೆ. ಸಾಯುತ್ತಿರುವುದು ಬಡಿಯುತ್ತದೆ: ಕಟ್, ಕಟ್, ಕಟ್, ಕಟ್. ಮುಳ್ಳು ತನ್ನ ಜಾಗ ಹುಡುಕಿ, ಸಿಗದೆ, ಹಿಂದಕ್ಕೆ ಬಂದು ಹೊಡೆದುಕೊಳ್ಳುವ ಸದ್ದು ಅದು. ಗಡಿಯಾರದ ಹಾಗೆ ಸಮನಾಗಿರುತ್ತದೆ. ಈ ‘ಸಮನಾಗಿ’ ಎನ್ನುವ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗಿನ ಹೊಸ ಡಿಸ್ಕುಗಳಲ್ಲಿ ತಿರುಗುವುದೂ ಇಲ್ಲ, ತೇಲುವುದೂ ಇಲ್ಲ. ಬೇಗ ಓಡುತ್ತವೆ, ಬಿದ್ದರೂ ತಡೆದುಕೊಳ್ಳುತ್ತವೆ. ಆದರೆ ಸಾಯುವ ಮುಂಚೆ ಒಂದು ಮಾತೂ ಹೇಳುವುದಿಲ್ಲ. ನಿನ್ನೆ ಇತ್ತು, ಇವತ್ತು ಇಲ್ಲ. ನನಗೆ ಅವುಗಳ ಮೇಲೆ ಗೌರವವಿದೆ, ಪ್ರೀತಿಯಿಲ್ಲ.

ಈ ಕೆಲಸದಲ್ಲಿ ಎದೆ ಝಲ್ಲೆನ್ನುವಂಥದ್ದು ನನಗೆ ಮೊದಲು ಆದದ್ದು ಸೇರಿದ ಮೂರನೇ ವರ್ಷದಲ್ಲಿ. ಆಗ ಬಳಸಿದ ಡಿಸ್ಕುಗಳನ್ನು ಗುಜರಿಯವರಿಂದ ಕೊಂಡು, ಅಳಿಸಿ, ಕಡಿಮೆ ಬೆಲೆಗೆ ಮಾರುವ ರೂಢಿಯಿತ್ತು. ಪೂರ್ತಿ ಅಳಿಸಲು ಅರ್ಧ ದಿನ ಬೇಕು. ಮೇಲಿಂದ ಮೇಲೆ ಅಳಿಸಲು ಒಂದು ನಿಮಿಷ ಸಾಕು. ನಾನು ಒಂದು ನಿಮಿಷದ ಪೈಕಿ. ಅಂಥದೊಂದು ಡಿಸ್ಕನ್ನು ಕಾತ್ರಜದ ಒಬ್ಬ ಗೃಹಿಣಿಗೆ ಕೊಟ್ಟೆ. ಆಕೆಯ ಮಗಳು ಕಳೆದುಹೋದ ತನ್ನ ಪಾಠವನ್ನು ಹುಡುಕಲು ಅಳಿಸಿದ್ದನ್ನು ಮರಳಿ ತರುವ ಪ್ರೋಗ್ರಾಮ್ ಹಚ್ಚಿದಾಗ ಒಂದು ಫೋಟೋ ಎದ್ದು ಬಂತಂತೆ. ತಾಯಿ ಅದನ್ನು ಮುದ್ರಿಸಿ ನನ್ನ ಮುಂದೆ ತಂದಿಟ್ಟರು. ಹಸಿರು ಬಣ್ಣದ ಕಿಟಕಿಯ ಕೆಳಗೆ ಒಬ್ಬ ಮುದುಕಿ ಕೂತಿದ್ದಳು.

“ಯಾರದೋ ಹಳೀ ಫೋಟೋ ಇರ್ಬೇಕ್ರಿ. ಅಳಸಿ ಕೊಡ್ತೀನಿ” ಎಂದೆ.

“ಅಕ್ಕಾರ, ಮುದುಕಿ ಯಾರೋ ನನಗ ಗೊತ್ತಿಲ್ಲ. ಕಿಟಕಿ ನಮ್ಮನೀದು. ಆ ಮುದುಕಿ ಕೂತಲ್ಲೇ ನಾವು ಕಂಪ್ಯೂಟರ್ ಇಟ್ಟೀವಿ.”

ಆಮೇಲೆ ವಿಚಾರಿಸಿದಾಗ ಗಂಟು ಬಿಚ್ಚಿತು. ಆ ಬಾಡಿಗೆ ಮನೆಯಲ್ಲಿ ಮೊದಲಿದ್ದವರು ಅಜ್ಜಿ ತೀರಿಕೊಂಡ ಮೇಲೆ ಕಂಪ್ಯೂಟರನ್ನು ಗುಜರಿಗೆ ಹಾಕಿ ಊರು ಬಿಟ್ಟಿದ್ದರು. ಗುಜರಿಯವ ನಮಗೆ ಮಾರಿದ. ನಾನು ಆರಿಸಿ ಆರಿಸಿ, ಇಷ್ಟು ದೊಡ್ಡ ಪುಣೆಯಲ್ಲಿ, ಅದೇ ಕಿಟಕಿಯ ಕೆಳಗೆ ಕಳಿಸಿದ್ದೆ. ಅದರಲ್ಲಿ ದೆವ್ವವಿಲ್ಲ, ನನ್ನ ಸೋಮಾರಿತನವಿದೆ. ಬಳಸಿದ ಡಿಸ್ಕ್ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಯಾರ ಮನೆಯಿಂದ ಬಂದದ್ದು ಎಂದು ಕೇಳದೆ ಕೊಳ್ಳಬೇಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಕಡೆ ಹೊಸ ವಸ್ತು ಮನೆಗೆ ಬಂದರೆ ಬರಿಹಣೆಯಲ್ಲಿ ಒಳಗೆ ತರುವುದಿಲ್ಲ. ಸೈಕಲ್ಲಿಗೂ ಬೊಟ್ಟು, ಗಿರಣಿಗೂ ಬೊಟ್ಟು. ಖಂಡೇನವಮಿಗೆ ಅಂಗಡಿಯ ಸ್ಕ್ರೂಡ್ರೈವರುಗಳಿಗೂ ನಾನು ಪೂಜೆ ಮಾಡುತ್ತಿದ್ದೆ. ಅದೇ ಹುರುಪಿನಲ್ಲಿ ಕೌಂಟರಿನ ಮೇಲೆ ಒಂದು ಕುಂಕುಮದ ಭರಣಿ ತಂದಿಟ್ಟೆ. ಡಿಸ್ಕ್ ಕೊಳ್ಳಲು ಬಂದ ಮನೆಯೊಡತಿಯ ಕೈಯಿಂದಲೇ ಅದಕ್ಕೆ ಬೊಟ್ಟು ಇಡಿಸುವುದು ನನ್ನ ಪದ್ಧತಿಯಾಯಿತು. ಬರಿ ಕುಂಕುಮ ಲೋಹದ ಮೇಲೆ ನಿಲ್ಲುವುದಿಲ್ಲ. ನನ್ನ ಅಜ್ಜಿ ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದಳು, ಸಂಜೆಯವರೆಗೆ ಅಲುಗುತ್ತಿರಲಿಲ್ಲ. ನಾನೂ ಒಂದು ಡಬ್ಬಿ ಮೇಣ ತಂದೆ.

ಎಲ್ಲಿ ಇಡಬೇಕು? ಡಿಸ್ಕಿನ ಮೈಮೇಲೆ ಎಳ್ಳುಕಾಳಿನಷ್ಟು ಒಂದು ತೂತು ಇರುತ್ತದೆ. ಹಣೆಯ ನಡುವೆ ಬೊಟ್ಟಿಗೆಂದೇ ಗುರುತು ಮಾಡಿಟ್ಟ ಹಾಗೆ ಕಾಣುತ್ತದೆ. “ಇಲ್ಲಿ ಇಡ್ರಿ” ಎಂದು ಬೆರಳು ಮಾಡಿ ತೋರಿಸಿದವಳು ನಾನೇ. ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಈ ತೂತನ್ನು ಮುಚ್ಚಬೇಡಿ ಎಂದು ಬರೆದಿರುತ್ತದೆ. ಓದಿದ್ದೆ. ಕಂಪನಿಯವರು ಹೀಗೆ ನೂರೆಂಟು ಬರೆಯುತ್ತಾರೆ ಎಂದುಕೊಂಡಿದ್ದೆ. ಹಣೆ ಅವರು ಕೊಟ್ಟಿದ್ದಾರೆ, ಬೊಟ್ಟು ನಾವು ಇಡುತ್ತೇವೆ ಎಂದು ಗಿರಾಕಿಗಳಿಗೆ ತಮಾಷೆ ಬೇರೆ ಮಾಡುತ್ತಿದ್ದೆ. ಸಾಹೇಬರು ಒಮ್ಮೆ ಹುಬ್ಬು ಗಂಟಿಕ್ಕಿದರು. ಅವತ್ತೇ ಮೂವರು ಹೆಂಗಸರು ಬೊಟ್ಟಿನ ಅಂಗಡಿ ಇದೇ ಏನ್ರಿ ಎಂದು ಕೇಳಿಕೊಂಡು ಬಂದದ್ದರಿಂದ ಸುಮ್ಮನಾದರು.

ಹಾಗೆ ಬೊಟ್ಟಿಟ್ಟವರಲ್ಲಿ ಸಂಗಣ್ಣನ ಹೆಂಡತಿ ನೀಲವ್ವ ಒಬ್ಬಳು. ಸಂಗಣ್ಣ ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಡತಿಯಲ್ಲಿ ಗುಮಾಸ್ತ, ನಮ್ಮ ಊರಿನ ಕಡೆಯವರೇ. ಅವರ ಬಟ್ಟೆಯಿಂದ ಬರುವ ಘಾಟಿಗೆ ಅಂಗಡಿಯವರೆಲ್ಲ ಒಮ್ಮೆ ಸೀನುತ್ತಿದ್ದರು. ಒಬ್ಬಳೇ ಮಗಳು ಸುವರ್ಣಾ, ಆಗ ಐದು ವರ್ಷ, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಶಾಲೆಯವರು ಒಂದು ಪ್ರೋಗ್ರಾಮ್ ಕೊಟ್ಟು, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳಿ ಎಂದಿದ್ದರು. ತಾಯಿ ಮೈಕಿನ ಮುಂದೆ ಒಂದೊಂದೇ ಪದ ಹೇಳಬೇಕು. ಪರದೆಯ ಮೇಲೆ ಆ ದನಿ ಹಸಿರು ಗೆರೆಯಾಗಿ ಏಳುತ್ತದೆ, ಬೀಳುತ್ತದೆ. ಮಗು ಅದನ್ನು ನೋಡಿ ತಾನೂ ಹಾಗೆ ಗೆರೆ ಎಬ್ಬಿಸಲು ಕಲಿಯುತ್ತದೆ.

“ಒಂಟಿ ಡಿಸ್ಕ್ ಬ್ಯಾಡ್ರಿ, ಜೋಡಿ ಕೊಡ್ರಿ. ಮಂಗಳದ ಕೆಲ್ಸಕ್ಕ ಒಂಟಿ ಒಯ್ಯಬಾರ್ದು” ಎಂದಿದ್ದಳು ನೀಲವ್ವ. ಮಾತು ನನಗೂ ಹಿಡಿಸಿತು. ಒಂದು ಕಂಪ್ಯೂಟರಿನಲ್ಲಿರಲಿ, ಇನ್ನೊಂದರಲ್ಲಿ ಅದರ ನಕಲು ಇರಲಿ ಎಂದು ಜೋಡಿಯನ್ನೇ ಕೊಟ್ಟೆ. ಅವಳು ಎರಡಕ್ಕೂ ಮೇಣ ಹಚ್ಚಿ, ನಾನು ತೋರಿಸಿದ ಜಾಗದಲ್ಲಿ, ಉಂಗುರದ ಬೆರಳಿನಿಂದ ಒತ್ತಿ ಕುಂಕುಮ ಇಟ್ಟಳು. ನಗುತ್ತ ಇಟ್ಟಳು. ಅದಾಗಿ ವರ್ಷ ತುಂಬುವ ಮುಂಚೆ ಕಾಮಾಲೆಯಾಗಿ ಹೋಗಿಬಿಟ್ಟಳು.

ಆ ಬೊಟ್ಟು ಇಟ್ಟ ಹದಿನಾಲ್ಕು ವರ್ಷದ ಮೇಲೆ, ನಾನು ನಿವೃತ್ತಳಾಗುವ ಬೇಸಿಗೆಯಲ್ಲಿ, ಒಂದು ಗುರುವಾರ ಮಧ್ಯಾಹ್ನ ಸಂಗಣ್ಣ ಮೆಟ್ಟಿಲು ಹತ್ತಿ ಬಂದರು. ಹಸಿರು ಇಳಕಲ್ ಸೀರೆಯಲ್ಲಿ ಸುತ್ತಿದ ಕಂಪ್ಯೂಟರಿನ ಪೆಟ್ಟಿಗೆ ತೋಳಿನಲ್ಲಿತ್ತು, ಜ್ವರ ಬಂದ ಕೂಸನ್ನು ದವಾಖಾನೆಗೆ ತಂದವರ ಹಾಗೆ. ಹಿಂದೆ ಸುವರ್ಣಾ. ಬೆಳೆದು ತಾಯಿಯಷ್ಟೇ ಎತ್ತರವಾಗಿದ್ದಳು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಗುರುವಾರ ರಜೆ.

“ಅಕ್ಕಾರ, ವರ್ಷಕ್ಕೊಮ್ಮೆ ಆಕಿ ಹೋದ ದಿನ ಅಷ್ಟ ಇದನ್ನ ಹಚ್ತೀನ್ರಿ” ಎಂದರು ಸಂಗಣ್ಣ. “ಒಬ್ಬನ ಕೂತು ಆಕಿ ದನಿ ಒಂದ ಸಲ ಕೇಳ್ತೀನಿ, ಬಂದ್ ಮಾಡ್ತೀನಿ. ಭಾಳ ಹಚ್ಚಿದ್ರ ಸವದು ಹೋದೀತು ಅಂತ ಅಂಜಿಕಿ. ಈ ಸಲ ಪರದೆ ಮ್ಯಾಲ ಏನೂ ಬರ್ಲಿಲ್ಲ. ಒಳಗ ಬಡೀಲಿಕ್ಕತ್ತದ.”

“ಕೆಟ್ಟ ಡಿಸ್ಕ್ ಎಲ್ಲಾ ಬಡೀತಾವ್ರಿ ಸಂಗಣ್ಣಾರ.”

“ಹಂಗಲ್ರಿ. ಇದು ಕರೀಲಿಕ್ಕತ್ತದ.”

ಅವರು ನನ್ನ ಮೇಜನ್ನು ಅಂಗೈಯ ಬುಡದಿಂದ ಬಡಿದು ತೋರಿಸಿದರು. ಮೂರು ಬಡಿತ, ತುಸು ಬಿಡುವು, ಮತ್ತೊಂದು ಬಡಿತ. ಕಿವಿ ಕೇಳದ ಮಗಳನ್ನು ನೀಲವ್ವ ಕರೆಯುತ್ತಿದ್ದದ್ದು ಹಾಗೆ. ಮೇಜಿಗೋ ನೆಲಕ್ಕೋ ಬಡಿಯುವಳು. ನಡುಕ ಕೈಗೋ ಕಾಲಿಗೋ ಮುಟ್ಟಿದೊಡನೆ ಸುವರ್ಣಾ ಎಲ್ಲಿದ್ದರೂ ಒಂದು ಕೈ ಮೇಲೆತ್ತಿ ಬೆರಳು ಬಿಚ್ಚಿ ಮುಚ್ಚುವಳು. ಬಂದೆ ಅವ್ವ ಎಂದು ಅದರ ಅರ್ಥ.

ಪಾಪ, ದುಃಖದಲ್ಲಿ ಮನಸ್ಸು ಏನೇನೋ ಕೇಳುತ್ತದೆ ಎಂದುಕೊಂಡು ನಾನು ಡಿಸ್ಕ್ ಹೊರತೆಗೆದು ತಂತಿ ಜೋಡಿಸಿದೆ. ಸ್ಕ್ರೂಡ್ರೈವರಿನ ತುದಿ ಇಟ್ಟು ಹಿಡಿಯನ್ನು ಎಲುಬಿಗೆ ಒತ್ತಿಕೊಂಡೆ.

ಕಟ್ ಕಟ್ ಕಟ್. ಬಿಡುವು. ಕಟ್.

ಮತ್ತೆ ಅದೇ. ಸಾವಿರಾರು ಡಿಸ್ಕು ಸಾಯುವುದನ್ನು ಕೇಳಿದ್ದೇನೆ. ಒಂದೂ ಹೀಗೆ ಬಡಿದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ ಕೈ ಚಾಚಿ ಡಿಸ್ಕಿನ ಮೇಲೆ ಅಂಗೈ ಇಟ್ಟಳು. ಬಿಸಿ ತಗುಲಿದವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮತ್ತೆ ಇಟ್ಟಳು. ಈ ಸಲ ತೆಗೆಯಲಿಲ್ಲ. ಅವಳ ಮುಖ ನೋಡಿ ನನಗೆ ಅಂಗಡಿಯಿಂದ ಎದ್ದು ಹೋಗಿಬಿಡಬೇಕು ಅನ್ನಿಸಿತು.

ಇಲ್ಲಿ ಕಷ್ಟ ಏನೆಂದು ನೀವು ತಿಳಿದುಕೊಳ್ಳಬೇಕು. ಬಡಿಯುತ್ತಿರುವ ಡಿಸ್ಕನ್ನು ಓಡಿಸಿದಷ್ಟೂ ಅದು ಸಾಯುತ್ತದೆ. ಅವಳು ಅಂಗೈ ಇಟ್ಟು ತಾಯಿಯನ್ನು ಮುಟ್ಟುತ್ತಿದ್ದ ಪ್ರತಿ ಕ್ಷಣವೂ ಒಳಗಿನ ತಾಯಿಯ ದನಿಗೆ ಅಪಾಯ. ನಾನು ಕರೆಂಟು ತೆಗೆದೆ. ಬಡಿತ ನಿಂತಿತು. ಆ ಹುಡುಗಿ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಕೊಲೆ ಮಾಡಿದವಳನ್ನು ನೋಡುವ ಹಾಗೆ ನೋಡಿದಳು.

“ಜೋಡಿ ಒಯ್ದಿದ್ರೆಲ್ಲ, ಇನ್ನೊಂದು ಎಲ್ಲದ?” ಎಂದು ಕೇಳಿದೆ.

ಸಂಗಣ್ಣ ಚೀಲದಿಂದ ತೆಗೆದರು. ನೋಡಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅದನ್ನು ಅವರು ಹದಿಮೂರು ವರ್ಷ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿದ್ದರು. ಪ್ರತಿ ಖಂಡೇನವಮಿಗೆ ನೀರು ಚಿಮುಕಿಸಿ, ಹಳೆಯ ಬೊಟ್ಟಿನ ಮೇಲೆ ಹೊಸ ಬೊಟ್ಟು. ಕುಂಕುಮ ಗುಪ್ಪೆಯಾಗಿ ನಿಂತಿತ್ತು. ತಂತಿ ಸಿಕ್ಕಿಸುವ ಹಲ್ಲುಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ಕರೆಂಟು ಕೊಟ್ಟರೆ ಉಸಿರೂ ಇಲ್ಲ. ಉಳಿದದ್ದು ಬಡಿಯುವ ಡಿಸ್ಕ್ ಒಂದೇ.

ಅದನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದೆ. ಹದಿನಾಲ್ಕು ವರ್ಷ ಪೆಟ್ಟಿಗೆಯ ಕತ್ತಲೆಯಲ್ಲಿದ್ದ ಬೊಟ್ಟು ನಿನ್ನೆ ಇಟ್ಟಂತೆ ಕೆಂಪಗಿತ್ತು. ಗಟ್ಟಿಯಾದ ಮೇಣದಲ್ಲಿ ನೀಲವ್ವನ ಉಂಗುರದ ಬೆರಳಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು, ಸುಳಿ ಸಮೇತ. ಬೊಟ್ಟಿನ ಅಂಚಿನಿಂದ ಇಂಗ್ಲಿಷ್ ಅಕ್ಷರಗಳು ಇಣುಕುತ್ತಿದ್ದವು. ಮುಚ್ಚಬೇಡಿ.

ಆಗ ನನಗೆ ಹೊಳೆಯಿತು. ಅದು ಡಿಸ್ಕಿನ ಮೂಗು. ಒಳಗಿನ ಗಾಳಿ ಬಿಸಿಯಾದಾಗ ಹೊರಗೆ ಹೋಗಲು, ತಣ್ಣಗಾದಾಗ ಒಳಗೆ ಬರಲು ಇರುವ ಒಂದೇ ದಾರಿ. ಗಾಳಿಯ ಒತ್ತಡ ಸಮನಾಗಿದ್ದರೆ ಮಾತ್ರ ಮುಳ್ಳು ಸರಿಯಾದ ಎತ್ತರದಲ್ಲಿ ತೇಲುತ್ತದೆ. ಗಾಳಿಯ ಮೇಲೆ ತೇಲುವ ಮುಳ್ಳಿನ ಗಾಳಿಯನ್ನೇ ನಾನು ಮೇಣ ಹಾಕಿ ಕಟ್ಟಿದ್ದೆ. ಎಷ್ಟು ಮನೆಗಳಲ್ಲಿ? ವರ್ಷಗಟ್ಟಲೆ ನನ್ನ ಹತ್ತಿರ ಮರಳಿ ಬಂದ ಸತ್ತ ಡಿಸ್ಕುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಪಕ್ಕದ ಅಂಗಡಿಯವರನ್ನು ಆಡಿಕೊಳ್ಳುತ್ತಿದ್ದವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು.

“ಸಂಗಣ್ಣಾರ, ತಪ್ಪು ನಂದದ” ಎಂದೆ. ಎಲ್ಲ ಹೇಳಿದೆ. “ಈ ಬೊಟ್ಟು ತಗೀಬೇಕು. ತಗದ್ರ ಅದು ಉಸಿರಾಡೀತು. ಒಂದ ಸಲ ಓದೋ ಅಷ್ಟು ಬದುಕೀತು. ಇಲ್ಲಂದ್ರ ದನಿ ಸಿಗೂದಿಲ್ಲ.”

ಅವರು ಡಿಸ್ಕನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡರು.

“ಮುತ್ತೈದಿಯಾಗಿ ಹೋದಾಕಿ ಅಕ್ಕಾರ. ಮಣ್ಣಿಗೆ ಇಡೂತನಕ ಆಕಿ ಹಣಿ ಮ್ಯಾಲ ಕುಂಕುಮ ಇತ್ತು. ಆಕಿ ಬೆರಳು ಉಳಿದದ್ದು ಇದೊಂದ ಕಡೆ. ಇದನ್ನ ಅಳಸ್ರಿ ಅಂತ ನಾ ಹ್ಯಾಂಗ ಹೇಳ್ಲಿ? ಜಗಲಿ ಮ್ಯಾಲಿಂದ್ರಾಗ ನನ್ನ ಬೆರಳಷ್ಟ ಅದ.”

ಹೆಂಗಸಿನ ಕುಂಕುಮ ಅಳಿಸುವುದೆಂದರೆ ಏನೆಂದು ನನಗೂ ಗೊತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ ನನ್ನದನ್ನು ಅಳಿಸಿದ ಕೈಗಳು ಇನ್ನೂ ನೆನಪಿವೆ. ಆಮೇಲೆ ಕುಂಕುಮದ ಭರಣಿಯನ್ನು ಗಿರಾಕಿಗಳ ಕಡೆ ದೂಡುತ್ತಿದ್ದೆನೇ ಹೊರತು ಮುಟ್ಟುತ್ತಿರಲಿಲ್ಲ.

ನಾವಿಬ್ಬರೂ ಮಾತಾಡುವುದನ್ನು ಸುವರ್ಣಾ ತುಟಿ ನೋಡಿ ಅರ್ಧ ತಿಳಿದಿದ್ದಳು. ಪೂರ್ತಿ ಹೇಳಿ ಎಂದು ಕಾಗದ ಮುಂದಿಟ್ಟಳು. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ, ಮರಾಠಿಯಲ್ಲೇ ಬರೆದೆ. ಬೊಟ್ಟು ಇದ್ದರೆ ದನಿ ಇಲ್ಲ. ದನಿ ಬೇಕಾದರೆ ಬೊಟ್ಟು ಇಲ್ಲ. ಬೊಟ್ಟು ತೆಗೆದರೂ ದನಿ ಸಿಗುತ್ತದೆಂದು ನಾನು ಮಾತು ಕೊಡಲಾರೆ. ಅವಳು ಎರಡು ಸಲ ಓದಿದಳು. ಕೆಳಗೆ ಬರೆದಳು: ‘ಅವ್ವನ ಮುಖ ಫೋಟೋದಲ್ಲಿದೆ. ಅವ್ವನ ಹಸಿರು ಗೆರೆ ನನಗೆ ಮರೆತುಹೋಗಿದೆ.’

ಅಪ್ಪನ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ಡಿಸ್ಕ್ ತೆಗೆದುಕೊಂಡಳು. ಮೊದಲು ತನ್ನ ಉಂಗುರದ ಬೆರಳನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂತಿತು. ಹಾಗೆಯೇ ಬಹಳ ಹೊತ್ತು ಹಿಡಿದಿದ್ದಳು. ನಾನು ಕೊಟ್ಟ ಬಿದಿರಿನ ಕಡ್ಡಿಯಿಂದ ಮೇಣವನ್ನು ತೂತಿನೊಳಗೆ ಬೀಳದಂತೆ ಅಂಚಿನಿಂದ ಎಬ್ಬಿಸಿದಳು. ಸ್ಪಿರಿಟ್ ಹತ್ತಿಯಿಂದ ಉಳಿದದ್ದನ್ನು ಒರೆಸಿದಳು. ಸಂಗಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೆಂಪಾದ ಹತ್ತಿಯನ್ನು ಅವಳು ಬಿಸಾಡಲಿಲ್ಲ, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಡಿಸ್ಕಿಗೆ ಸ್ವಲ್ಪ ಹೊತ್ತು ಬಿಡುವು ಕೊಟ್ಟು, ಆಮೇಲೆ ಕರೆಂಟು ಕೊಟ್ಟೆ. ಕಿವಿಯ ಎಲುಬಿನಲ್ಲಿ ಮೊದಲು ಒಂದು ಕಟ್. ಆಮೇಲೆ ಉದ್ದನೆಯ ಉಸಿರು ಬಿಟ್ಟಂಥ ಸದ್ದು. ಆಮೇಲೆ ಜೇನುಗೂಡು.

ನಕಲು ಮಾಡಲು ಹೊಸ ಡಿಸ್ಕ್ ಆರಿಸಬೇಕಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಹೆದರಿ ನಾನು ಯಾವ ಡಿಸ್ಕನ್ನೂ ಆರಿಸಿರಲಿಲ್ಲ. ಈ ಸಲವೂ ಜೋಡಿಯನ್ನೇ ತೆಗೆದೆ. ಆದರೆ ಎರಡು ಬೇರೆ ಪೆಟ್ಟಿಗೆಯಿಂದ, ಎರಡು ಬೇರೆ ಕಂಪನಿಯವು. ಒಂದೇ ಪೆಟ್ಟಿಗೆಯಲ್ಲಿ ಬಂದವು ಒಂದೇ ದಿನ ಹುಟ್ಟಿದವು, ಒಂದೇ ರೋಗ ಹೊತ್ತು ಒಟ್ಟಿಗೇ ಸಾಯಬಹುದು. ತಯಾರಾದ ತಿಂಗಳು ನೋಡಿದೆ. ಎರಡನ್ನೂ ಓಡಿಸಿ ಕಿವಿಗೆ ಹಿಡಿದೆ. ತೂತು ಎಲ್ಲಿದೆ ಎಂದು ಬೆರಳಿಟ್ಟು ಸುವರ್ಣಾಳಿಗೆ ತೋರಿಸಿ, ಕೈ ಅಡ್ಡ ಆಡಿಸಿದೆ. ಈ ಕೆಲಸಕ್ಕೆ ಬರುವವರಿಗೆ ನನ್ನ ಬುದ್ಧಿವಾದ ಇಷ್ಟೇ. ಎಷ್ಟು ಹಿಡಿಯುತ್ತದೆ ಎಂಬುದನ್ನು ಕೊನೆಗೆ ನೋಡಿ.

ನಕಲು ಮುಗಿಯುವಾಗ ಸಂಜೆ ಐದಾಗಿತ್ತು. ಹೊಸ ಡಿಸ್ಕಿನಿಂದ ಆ ಹಳೆಯ ಪಾಠವನ್ನು ತೆರೆದೆ. ಕಪ್ಪು ಪರದೆಯ ಮೇಲೆ ಹಸಿರು ಗೆರೆ ಸುಮ್ಮನೆ ಮಲಗಿತ್ತು. ಆಮೇಲೆ ಎದ್ದಿತು.

“ಅಪ್ಪ.” ತೆಳ್ಳನೆಯ, ಸ್ವಲ್ಪ ಮೂಗಿನ ದನಿ. “ನೀರು. ನೀ-ರು.” ಬಳೆಗಳ ಸದ್ದು. “ಏ ಸುವ್ವಿ, ಎಲ್ಲಿ ನೋಡ್ತಿ? ಇಲ್ಲಿ ನೋಡ.” ನಗು. ಆಮೇಲೆ ಮೇಜಿನ ಮೇಲೆ ಅಂಗೈ: ಮೂರು ಬಡಿತ, ಬಿಡುವು, ಮತ್ತೊಂದು.

ಪರದೆಯ ಮೇಲೆ ನಾಲ್ಕು ಹಸಿರು ಮೊಳೆಗಳು ಎದ್ದು ಬಿದ್ದವು. ಮಧ್ಯಾಹ್ನ ನನ್ನ ಎಲುಬಿನಲ್ಲಿ ಕೇಳಿದ್ದ ಬಡಿತವೇ ಅದು, ಒಂದು ಕ್ಷಣವೂ ಹೆಚ್ಚು ಕಡಿಮೆ ಇಲ್ಲದೆ. ಓದಲಾಗದ ಡಿಸ್ಕು ತನ್ನೊಳಗೆ ಬರೆದಿದ್ದನ್ನು ಬಡಿದು ಹೇಳುವುದು ಸಾಧ್ಯವಿಲ್ಲ. ಅದು ನನಗೆ ಗೊತ್ತು. ಕೇಳಿದ್ದೂ ಗೊತ್ತು. ಸಂಗಣ್ಣ ನೆಲದ ಮೇಲೆ ಕೂತು ಟೋಪಿಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಸುವರ್ಣಾ ಅಳಲಿಲ್ಲ. ಒಂದು ಕೈ ಸ್ಪೀಕರಿನ ಮೇಲೆ, ಇನ್ನೊಂದು ಕೈಯ ಬೆರಳು ಪರದೆಯ ಮೇಲೆ, ಗೆರೆಯ ಹಿಂದೆಯೇ ಹರಿಯುತ್ತಿತ್ತು. ಅವಳ ತುಟಿ ಅಲುಗುತ್ತಿತ್ತು.

ಹೊರಡುವ ಹೊತ್ತಿಗೆ ನಾನು ಹಳೆಯ ಡಿಸ್ಕಿನ ಎರಡೂ ತಂತಿ ಕಿತ್ತು, ಅದನ್ನು ಮಡಚಿದ ಟವೆಲಿನ ಮೇಲೆ ಮಲಗಿಸಿದ್ದೆ. ತಂತಿಗಳು ನನ್ನ ಕೈಯಲ್ಲೇ ಇದ್ದವು. ಅದನ್ನು ಒತ್ತಿ ಹೇಳುತ್ತೇನೆ. ಸಂಗಣ್ಣ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದರು. ಸುವರ್ಣಾ ಹೊಸ ಡಿಸ್ಕುಗಳನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಆಗಲೇ ನಾಲ್ಕು ಕಲ್ಲಿನ ಮೆಟ್ಟಿಲು ಇಳಿದಿದ್ದಳು. ಬೆನ್ನು ನಮ್ಮ ಕಡೆಗಿತ್ತು.

ಟವೆಲಿನ ಮೇಲಿಂದ ಮೂರು ಬಡಿತ ಬಂದವು. ಬಿಡುವು. ಮತ್ತೊಂದು.

ನಾನು ಕೇಳಿದೆ. ಸಂಗಣ್ಣನ ಕಾಲು ಚಪ್ಪಲಿಯ ಮೇಲೆ ಹಾಗೆಯೇ ನಿಂತಿತು, ಅವರೂ ಕೇಳಿದರು. ಕೆಳಗೆ, ಹುಟ್ಟಿನಿಂದ ಏನನ್ನೂ ಕೇಳದ ಹುಡುಗಿ ನಿಂತಳು. ಅವಳು ತಿರುಗಿ ನೋಡಲಿಲ್ಲ. ಡಿಸ್ಕುಗಳನ್ನು ಒಂದು ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈ ತಲೆಯ ಮೇಲೆ ಎತ್ತಿ, ಬೆರಳು ಬಿಚ್ಚಿ ಮುಚ್ಚಿದಳು.

ಆಮೇಲೆ ಮೆಟ್ಟಿಲು ಹತ್ತಿ ಬಂದು, ಹಳೆಯ ಡಿಸ್ಕನ್ನು ತಾಯಿಯ ಸೀರೆಯಲ್ಲಿ ಸುತ್ತಿಕೊಂಡು, ಅಪ್ಪನ ಜೊತೆ ಮನೆಗೆ ಹೋದಳು.